ವಾಪಸ್ ಕರೆದ ಬ್ಯಾಚಿನ ಖಾರದ ಪುಡಿ: ನನ್ನ ಹತ್ತಿರ ಇರುವುದು ಅದೇನಾ? ಅಂಗಡಿಯವರು ತಗೊಳ್ತಿಲ್ಲ

ಸುಮಾ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಯಾವಾಗಲೂ ಒಂದೇ ಕಂಪನಿಯ ಖಾರದ ಪುಡಿ ತರೋದು. ಹೆಸರು ಬೇಡ ಬಿಡಿ, ನನ್ನ ಪ್ರಶ್ನೆ ಅದಲ್ಲ. ಒಂದು ಬ್ಯಾಚಿನಲ್ಲಿ ಕೀಟನಾಶಕದ ಅಂಶ ಮಿತಿಗಿಂತ ಜಾಸ್ತಿ ಬಂದಿದೆ, ಆ ಬ್ಯಾಚಿನ ಪ್ಯಾಕೆಟ್ ಇದ್ದವರು ಕೊಂಡ ಅಂಗಡಿಗೇ ವಾಪಸ್ ಕೊಟ್ಟು ಪೂರ್ತಿ ದುಡ್ಡು ತಗೊಳ್ಳಿ ಅಂತ ಕಂಪನಿಯವರೇ ಪೇಪರಲ್ಲಿ ಪ್ರಕಟಣೆ ಕೊಟ್ಟಿದ್ದಾರೆ. ಟೆಂಡರ್ ನೋಟಿಸುಗಳ ಮಧ್ಯೆ, ಬೆರಳಗಲ. ನಮ್ಮ ಯಜಮಾನರು ಕಂಟ್ರಾಕ್ಟ್ ಕೆಲಸದವರು, ಟೆಂಡರ್ ಪುಟ ಬಿಡದೆ ಓದ್ತಾರೆ. ಅದಕ್ಕೆ ಕಣ್ಣಿಗೆ ಬಿತ್ತು.

ಪ್ಯಾಕೆಟ್ ಅರ್ಧ ಖಾಲಿ ಆಗಿದೆ. ಪುಣ್ಯಕ್ಕೆ ಡಬ್ಬಿಗೆ ಸುರಿದಿರಲಿಲ್ಲ, ಕವರಿಗೆ ಕ್ಲಿಪ್ ಹಾಕಿ ಇಟ್ಟಿದ್ದೆ. ಆದರೆ ಬ್ಯಾಚ್ ನಂಬರಿನ ಕೊನೆ ಅಂಕಿ ಎಣ್ಣೆ ಕೈ ತಾಗಿ ಅಳಿಸಿದೆ. 8 ಅಂದರೆ 8, 3 ಅಂದರೆ 3. ಪ್ರಕಟಣೆಯಲ್ಲಿರೋದು 8.

ಅಂಗಡಿಗೆ ಹೋಗಿ ಕೇಳಿದರೆ, "ನಮಗೆ ಯಾರೂ ಏನೂ ಹೇಳಿಲ್ಲಮ್ಮ, ಒಡೆದ ಪ್ಯಾಕೆಟ್ ತಗೊಂಡು ನಾನೇನು ಮಾಡ್ಲಿ" ಅಂದರು. ತಪ್ಪು ಅನ್ನೋಕೂ ಆಗಲ್ಲ, ಪಾಪ, ಅವರಿಗೆ ನಿಜವಾಗಲೂ ಗೊತ್ತಿರಲಿಲ್ಲ. ನಮ್ಮತ್ತೆ ಬೇರೆ, "ಒಗ್ಗರಣೆಗೆ ಬಿದ್ದ ಮೇಲೆ ಯಾವ ವಿಷ ಉಳಿಯುತ್ತೆ, ಸುಮ್ನೆ ಹಾಕು" ಅಂತಿದ್ದಾರೆ.

ಆ ಅಂಕಿ ಪತ್ತೆ ಮಾಡೋಕೆ ಏನಾದರೂ ದಾರಿ ಇದೆಯಾ? ಅಂಗಡಿಯವರು ವಾಪಸ್ ತಗೊಳ್ಳಲೇಬೇಕಾ? ಇಷ್ಟು ದಿನ ತಿಂದಿದ್ದಕ್ಕೆ ಏನು ಮಾಡೋದು? ತಿಳಿದವರು ಹೇಳಿ.

ರಾಗಿಮುದ್ದೆ

ಪ್ಯಾಕೆಟ್ ತರೋದೇ ತಪ್ಪು. ಬ್ಯಾಡಗಿ ಮೆಣಸಿನಕಾಯಿ, ಗುಂಟೂರು ಸ್ವಲ್ಪ ಸೇರಿಸಿ ಒಣಗಿಸಿ ಮಿಲ್ಲಿಗೆ ಹಾಕಿಸಿ. ಬ್ಯಾಚೂ ಇಲ್ಲ ಗೀಚೂ ಇಲ್ಲ.

ಗೋಡೌನ್ ಮಂಜಣ್ಣ, ದಾವಣಗೆರೆ

ಸುಮಕ್ಕ, ನಾನು ಇಲ್ಲೊಬ್ಬ ಸ್ಟಾಕಿಸ್ಟ್ ಹತ್ತಿರ, ಅಂದರೆ ಕಂಪನಿ ಮಾಲು ತರಿಸಿ ಅಂಗಡಿಗಳಿಗೆ ಹಂಚೋರ ಹತ್ತಿರ, ಬಹಳ ವರ್ಷ ಗೋಡೌನ್ ನೋಡಿಕೊಂಡವನು. ಬಿಸ್ಕತ್ತು, ನೂಡಲ್ಸು, ಮಸಾಲೆ, ಸೋಪು ಎಲ್ಲಾ ನನ್ನ ಕೈ ಮೇಲೆ ಒಳಗೆ ಬಂದು ಹೊರಗೆ ಹೋಗ್ತಿತ್ತು. ಮೊದಲು ನಿಮ್ಮ ಅಂಕಿ ವಿಷಯ ಮುಗಿಸ್ತೀನಿ.

ಕವರಿನ ಮೇಲೆ ಬ್ಯಾಚು, ತಯಾರಾದ ದಿನ, ಎಂಆರ್‌ಪಿ ಮೂರನ್ನೂ ಒಂದೇ ಮಷೀನು ಒಂದೇ ಏಟಿಗೆ ಹೊಡೆಯುತ್ತೆ. ಚುಕ್ಕಿ ಚುಕ್ಕಿ ಅಕ್ಷರ ಇರ್ತವಲ್ಲ, ಅದು. ತಾರೀಖಿನಲ್ಲೋ ರೇಟಿನಲ್ಲೋ ಎಲ್ಲಾದರೂ ಒಂದು 8 ಅಥವಾ 3 ಸಿಕ್ಕೇ ಸಿಗುತ್ತೆ. ಅದರ ಚುಕ್ಕಿ ಹೇಗೆ ಕೂತಿವೆ ನೋಡಿಕೊಂಡು, ಅಳಿಸಿದ ಜಾಗಕ್ಕೆ ಮೊಬೈಲ್ ಟಾರ್ಚು ಓರೆಯಾಗಿ ಹಿಡಿಯಿರಿ. 8 ಆದರೆ ಎಡಗಡೆ ಅಂಚಿನಲ್ಲೂ ಮೇಲೆ ಕೆಳಗೆ ಚುಕ್ಕಿ ಇರಬೇಕು. 3ಕ್ಕೆ ಎಡಗಡೆ ಖಾಲಿ. ಮಸಿ ಹೋದರೂ ಗುರುತು ಅಷ್ಟು ಸುಲಭಕ್ಕೆ ಪೂರ್ತಿ ಹೋಗಲ್ಲ. ಪ್ರಕಟಣೆಯಲ್ಲಿ ತಯಾರಾದ ದಿನ ಕೊಟ್ಟಿದ್ದರೆ ಅದನ್ನೂ ತಾಳೆ ನೋಡಿ. ಬ್ಯಾಚು ಸರಿ, ತಾರೀಖು ಬೇರೆ ಅಂದರೆ ಎಲ್ಲೋ ನೀವು ಓದಿದ್ದು ತಪ್ಪಿದೆ.

ಇನ್ನೊಂದು ಗುರುತು ಇದೆ, ಇದನ್ನು ಯಾರೂ ನೋಡಲ್ಲ. ಒಂದೇ ಹೆಸರಿನ ಮಾಲು ಎರಡು ಮೂರು ಕಾರ್ಖಾನೆಯಲ್ಲಿ ತಯಾರಾಗಬಹುದು. ಕವರಿನ ಮೇಲಿರೋ 14 ಅಂಕಿಯ ಲೈಸೆನ್ಸ್ ನಂಬರು ನೋಡಿ. ಮೊದಲ ಅಂಕಿ 1 ಇದ್ದರೆ ಲೈಸೆನ್ಸು, 2 ಇದ್ದರೆ ಸಣ್ಣವರ ನೋಂದಣಿ. ಆಮೇಲಿನ ಎರಡು ಅಂಕಿ ರಾಜ್ಯ. 12 ಅಂದರೆ ನಮ್ಮ ಕರ್ನಾಟಕ, 00 ಅಂದರೆ ಕೇಂದ್ರದಿಂದ ಕೊಟ್ಟಿದ್ದು. ಅದರ ಮುಂದಿನ ಎರಡು ವರ್ಷ. ಎರಡು ಮೂರು ನಂಬರು ಅಚ್ಚಾಗಿದ್ದರೆ, ನಿಮ್ಮ ಪ್ಯಾಕೆಟ್ ಯಾವ ಕಾರ್ಖಾನೆಯದು ಅಂತ ಹೇಳೋಕೆ ಬ್ಯಾಚಿನ ಮೊದಲ ಅಕ್ಷರವನ್ನೋ ಏನನ್ನೋ ನೋಡಿ ಅಂತ ಪಕ್ಕದಲ್ಲೇ ಬರೆದಿರ್ತಾರೆ.

ಈಗ ಅಂಗಡಿ ವಿಷಯ. ಇದು ನನಗೆ ಹೊಟ್ಟೆ ಉರಿಯೋ ವಿಷಯ, ಸ್ವಲ್ಪ ಉದ್ದ ಆಗುತ್ತೆ.

2015ರಲ್ಲಿ ಮ್ಯಾಗಿ ವಾಪಸ್ ಹೋಯಿತಲ್ಲ, ಆಗ ನಾನು ಗೋಡೌನಲ್ಲೇ ಇದ್ದೆ. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ತೆಗೆದ ಸ್ಯಾಂಪಲ್ಲು ಕೋಲ್ಕತ್ತದ ಲ್ಯಾಬಿಗೆ ಹೋಗಿ, ಸೀಸ 17.2 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 17.2 ಪಾಲು, ಇದೆ ಅಂತ ಬಂತು. ಮಿತಿ 2.5. ಜೂನ್ 5ಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯಿಂದ ಆದೇಶ. ಅಷ್ಟರಲ್ಲಿ ಕಂಪನಿಯೇ ವಾಪಸ್ ತಗೊಳ್ತೀವಿ ಅಂದಿತ್ತು. ಆ ವಾರ ಆರ್ಡರ್ ಪುಸ್ತಕ ಮುಚ್ಚಿಟ್ಟು ಬರೀ ಒಳಗೆ ಬರೋ ಮಾಲು. ಆಟೋದಲ್ಲಿ ಬರ್ತಿತ್ತು, ಸೈಕಲ್ ಮೇಲೆ ಬರ್ತಿತ್ತು, ಹಳ್ಳಿ ಅಂಗಡಿಯವರು ಗೋಣಿಚೀಲದಲ್ಲಿ ತುಂಬಿ ಬಸ್ಸಿನ ಟಾಪಿಗೆ ಹಾಕಿ ಕಳಿಸ್ತಿದ್ದರು. ಹಳದಿ ಪ್ಯಾಕೆಟ್ಟು ಅಂದರೆ ಒಳಗೆ, ಅಷ್ಟೇ. ಎಣಿಸು, ಚೀಟಿ ಬರಿ, ಅಂಗಡಿಯವನ ಲೆಕ್ಕಕ್ಕೆ ದುಡ್ಡು ಜಮಾ ಮಾಡೋ ಕ್ರೆಡಿಟ್ ನೋಟ್ ಹಾಕು. ದೇಶದಲ್ಲೆಲ್ಲಾ ಸೇರಿ 30,000 ಟನ್ನಿಗೂ ಜಾಸ್ತಿ ಮಾಲು ನಾಶ ಮಾಡಿದರು, ಸಿಮೆಂಟ್ ಕಾರ್ಖಾನೆ ಒಲೆಗೆ ಹಾಕಿ ಸುಟ್ಟರು. ಆಮೇಲೆ ಆಗಸ್ಟ್ 13ಕ್ಕೆ ಬಾಂಬೆ ಹೈಕೋರ್ಟು ಆ ಆದೇಶ ರದ್ದು ಮಾಡಿತು. ಪರೀಕ್ಷೆ ಮಾಡಿದ ಲ್ಯಾಬುಗಳಿಗೆ ಸರಿಯಾದ ಮಾನ್ಯತೆ ಇರಲಿಲ್ಲ, ಕಂಪನಿಯ ಮಾತನ್ನೂ ಕೇಳಲಿಲ್ಲ ಅಂತ. ಹೊಸದಾಗಿ ಮೂರು ಲ್ಯಾಬಲ್ಲಿ ಪರೀಕ್ಷೆ ಆಗಿ ಪಾಸಾಯಿತು, ನವೆಂಬರಿಗೆ ಮಾಲು ಮತ್ತೆ ಬಂತು, ನಮ್ಮ ನಂಜನಗೂಡಿನ ಕಾರ್ಖಾನೆಯೂ ಶುರುವಾಯಿತು. ಯಾರು ಸರಿ ಯಾರು ತಪ್ಪು ಅನ್ನೋ ಜಗಳ ಇಲ್ಲಿ ಬೇಡ. ಮಾಲು ವಾಪಸ್ ತರೋ ಕೆಲಸ ಮಾತ್ರ ನಡೀತು. ಯಾಕೆ ನಡೀತು? ಬ್ಯಾಚ್ ನೋಡೋ ಗೋಜೇ ಇರಲಿಲ್ಲ. ಎಲ್ಲಾ ವಾಪಸ್ ಅಂದರೆ ಕುರುಡನಿಗೂ ಗೊತ್ತಾಗುತ್ತೆ.

ಒಂದೇ ಬ್ಯಾಚು ವಾಪಸ್ ಅಂದಾಗ ಕಥೆ ಕೆಡೋದು. ಕಂಪನಿಯಿಂದ ಸಿ ಅಂಡ್ ಎಫ್‌ಗೆ (ಕಂಪನಿ ಪರವಾಗಿ ಮಾಲು ಇಟ್ಟುಕೊಂಡು ಕಳಿಸೋ ಏಜೆಂಟು), ಅಲ್ಲಿಂದ ಸ್ಟಾಕಿಸ್ಟ್ ಗೋಡೌನಿಗೆ ಬರೋ ತನಕ ಬ್ಯಾಚು ದಾಖಲೆಯಲ್ಲಿ ಇರುತ್ತೆ, ಕಾರ್ಟನ್ ಮೇಲೂ ಇರುತ್ತೆ. ನಮ್ಮ ಸೇಲ್ಸ್‌ಮನ್ ಬೀಟಿಗೆ ಹೋಗಿ ಅಂಗಡಿಗೆ ಬಿಲ್ ಹಾಕ್ತಾನಲ್ಲ, ನಾನು ಕಂಡ ಬಿಲ್ಲುಗಳಲ್ಲಿ ಅಲ್ಲಿಗೆ ಬ್ಯಾಚು ಕಣ್ಮರೆ. "ಖಾರದ ಪುಡಿ 200 ಗ್ರಾಂ, 12 ಪೀಸು, ಇಷ್ಟು ರೂಪಾಯಿ." ಮೆಡಿಕಲ್ ಶಾಪಲ್ಲಿ ಒಂದು ಜ್ವರದ ಮಾತ್ರೆ ಪಟ್ಟಿ ತಗೊಂಡರೂ ಬಿಲ್ಲಲ್ಲಿ ಬ್ಯಾಚು, ಎಕ್ಸ್‌ಪೈರಿ ಬರೆದಿರುತ್ತೆ. ಕಿರಾಣಿ ಬಿಲ್ಲಿಗೆ ಆ ಅಭ್ಯಾಸ ಬರಲೇ ಇಲ್ಲ. ಅದರ ಮೇಲೆ ನಾವೇ ಒಂದು ಕಾರ್ಟನ್ ಒಡೆದು ಮೂರು ಅಂಗಡಿಗೆ ಹಂಚ್ತಿದ್ದೆವು. ಹಳ್ಳಿ ಅಂಗಡಿಯವನು ಸ್ಟಾಕಿಸ್ಟ್ ಹತ್ತಿರ ಬರೋದೇ ಇಲ್ಲ, ಪೇಟೆಯ ಹೋಲ್‌ಸೇಲ್ ಅಂಗಡಿಯಲ್ಲಿ ನಗದು ಕೊಟ್ಟು ಒಯ್ತಾನೆ. ಅವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅವನಿಗೆ ಫೋನ್ ಮಾಡೋರು ಯಾರು?

2025ರ ಜನವರಿಯಲ್ಲಿ ಪತಂಜಲಿ ಫುಡ್ಸ್‌ನವರು 4 ಟನ್ ಮೆಣಸಿನ ಪುಡಿ ವಾಪಸ್ ಕರೆದರು, ಎಫ್‌ಎಸ್‌ಎಸ್‌ಎಐ ಸೂಚನೆ ಮೇಲೆ, ಅದೂ ಕೀಟನಾಶಕದ ಕಾರಣಕ್ಕೇ. ಬ್ಯಾಚ್ ಎಜೆಡಿ2400012, 200 ಗ್ರಾಂ ಪ್ಯಾಕೆಟ್ಟು. 4 ಟನ್ ಅಂದರೆ ಲಾರಿ ಲೆಕ್ಕಕ್ಕೆ ಏನೂ ಅಲ್ಲ, ಪ್ಯಾಕೆಟ್ ಲೆಕ್ಕ ಹಾಕಿ: 20,000. ಇಪ್ಪತ್ತು ಸಾವಿರ ಅಡುಗೆಮನೆ. ಅವುಗಳಲ್ಲಿ ಎಷ್ಟು ಮನೆಯವರು ಟೆಂಡರ್ ಪುಟ ಓದ್ತಾರೆ ಹೇಳಿ.

ಕಾನೂನು ಇದೆ, ಇಲ್ಲ ಅಂತಲ್ಲ. 2006ರ ಆಹಾರ ಸುರಕ್ಷತೆ ಕಾಯ್ದೆಯ 28ನೇ ಸೆಕ್ಷನ್ನು, ಅದರ ಮೇಲೆ ವಾಪಸಾತಿಗೇ ಅಂತ 2017ರಲ್ಲಿ ಬಂದ ನಿಯಮ. ತಯಾರಕರು, ಆಮದುದಾರರು, ಹೋಲ್‌ಸೇಲ್ ಪೂರೈಕೆದಾರರು ವಾಪಸಾತಿಯ ಯೋಜನೆ ಬರೆದು ಇಟ್ಟುಕೊಂಡಿರಬೇಕು. ಬರೀ ಚಿಲ್ಲರೆ ಮಾರೋ ಅಂಗಡಿಗೆ ಆ ಯೋಜನೆಯಿಂದ ವಿನಾಯಿತಿ. ವಿನಾಯಿತಿ ಯೋಜನೆಗೆ ಮಾತ್ರ ಸುಮಕ್ಕ, ಗೊತ್ತಾದ ಮೇಲೂ ಮಾಲು ಕಪಾಟಲ್ಲಿ ಇಟ್ಟು ಮಾರೋ ಹಾಗಿಲ್ಲ. ಯಾರ ಹತ್ತಿರ ತಂದೆ ಅಂತ ತೋರಿಸೋಕೆ ಆಗದಿದ್ದರೂ ಮಾರಿದವನೇ ಹೊಣೆ, ಅದು 27ನೇ ಸೆಕ್ಷನ್ನು.

ಹಳೇ ಹುಬ್ಬಳ್ಳಿ ಕಿರಾಣಿ

ಮಂಜಣ್ಣಾರ, ನೀವು ಹೇಳಿದ್ದು ಖರೇ ಐತ್ರಿ. ನಮ್ದೂ ಸಣ್ಣ ಅಂಗಡಿ. ಕಂಪನ್ಯಾವ್ರು ಮಾಲ ವಾಪಸ್ ಕೇಳ್ಯಾರ ಅನ್ನೂದು ನಮಗ ಗಿರಾಕಿ ಬಂದು ಹೇಳಿದ ಮ್ಯಾಲೇ ಗೊತ್ತಾಗೂದು. ಸೇಲ್ಸ್‌ಮನ್ ಹೊಸಾ ಸ್ಕೀಮ್ ಇದ್ರ ದಿನಕ್ಕ ನಾಕ ಸಲ ಫೋನ್ ಹಚ್ಚತಾನ, ಇಂಥಾದ್ದಕ್ಕ ಹಚ್ಚೂದಿಲ್ಲ.

ಸುಮಕ್ಕಾರ, ನಿಮ್ಮ ಅಂಗಡ್ಯಾವ್ರ ಮ್ಯಾಲೆ ಸಿಟ್ಟಾಗಬ್ಯಾಡ್ರಿ. ಒಡದ ಪಾಕೀಟ ನಾವ್ ತಗೊಂಡ್ರ, ಸೇಲ್ಸ್‌ಮನ್ "ಇದ ಕ್ಲೇಮ್ ಆಗೂದಿಲ್ಲ" ಅಂತ ನಮ್ಮ ಕೈಯಾಗ ಇಟ್ಟ ಹೋಗತಾನ. ಆ ರೊಕ್ಕ ನಮ್ಮ ಕಿಸೆದಾಗಿಂದ ಹೋದಂಗ. ನನ್ನ ಕೇಳಿದ್ರ, ಗುರುತಿನ ಗಿರಾಕಿಗೆ ನಾ ಬದಲಿ ಪಾಕೀಟ ಕೊಟ್ಟ ಕಳಸ್ತೀನಿ, ಗುರುತ ಇಲ್ಲದವ್ರಿಗೆ ಕಂಪನಿ ನಂಬರ್ ತೋರಸ್ತೀನಿ. ಸರಿನೋ ತಪ್ಪೋ, ನಡಿಯೂದು ಹಿಂಗ.

ಶ್ರೀವತ್ಸ, ಕ್ಯಾರಿ, ನಾರ್ತ್ ಕ್ಯಾರೊಲಿನಾ

ನಾನು ಲ್ಯಾಬೊಂದರಲ್ಲಿ ಕೆಲಸ ಮಾಡೋದು, ಅದಕ್ಕೆ ಒಗ್ಗರಣೆ ವಿಷಯಕ್ಕೆ ಮೊದಲು ಉತ್ತರ ಕೊಡ್ತೀನಿ. ನಿಮ್ಮತ್ತೆ ಹೇಳಿದ್ದು ಸಾಲ್ಮೊನೆಲ್ಲಾ ತರಹದ ಬ್ಯಾಕ್ಟೀರಿಯಾಕ್ಕಾದರೆ ಒಪ್ಪಬಹುದು, ಚೆನ್ನಾಗಿ ಬಿಸಿ ಆದರೆ ಅವು ಸಾಯ್ತವೆ. ಕೀಟನಾಶಕ ಹಾಗಲ್ಲ. ಕೆಲವು ಬಿಸಿಗೆ ಸ್ವಲ್ಪ ಒಡೆಯುತ್ತವೆ, ಕೆಲವು ಅಲ್ಲಾಡಲ್ಲ. ಸೀಸವಂತೂ ಲೋಹ, ಎಷ್ಟು ಹುರಿದರೂ ಅಷ್ಟೇ ಇರುತ್ತೆ. ಹಾಗಂತ ಈಗಾಗಲೇ ತಿಂದಿದ್ದಕ್ಕೆ ಗಾಬರಿ ಬೀಳಬೇಡಿ. ಉಳಿಕೆಯ ಮಿತಿ ನಿಗದಿ ಮಾಡೋವಾಗ ತುಂಬಾ ಅಂತರ ಬಿಟ್ಟೇ ಇಟ್ಟಿರ್ತಾರೆ, ಚಮಚದ ಲೆಕ್ಕದಲ್ಲಿ ಬಳಸೋ ಪುಡಿ ಬೇರೆ. ಇನ್ನು ಹಾಕಬೇಡಿ, ಅಷ್ಟೇ.

ಮಂಜಣ್ಣನವರ ಮಾತಿಗೆ ಇಲ್ಲಿಂದ ಒಂದು ಸೇರಿಸಬೇಕು. ಇಲ್ಲಿ ಅಮೆರಿಕದಲ್ಲಿ ಕಾಸ್ಟ್‌ಕೋ ತರಹ ಸದಸ್ಯತ್ವದ ಅಂಗಡಿಗಳಲ್ಲಿ ಯಾರು ಏನು ಕೊಂಡರು ಅನ್ನೋದು ಅವರ ಕಂಪ್ಯೂಟರಲ್ಲಿ ಇರುತ್ತೆ. ಮಾಲು ವಾಪಸ್ ಕರೆದರೆ ಮನೆಗೇ ಫೋನೋ ಕಾಗದವೋ ಬರುತ್ತೆ. ಹಾಗಂತ ಇಲ್ಲೆಲ್ಲಾ ಹೀಗೇ ಅಂದುಕೊಳ್ಳಬೇಡಿ. 2023ರ ಅಕ್ಟೋಬರಿನಲ್ಲಿ ನಮ್ಮ ಈ ರಾಜ್ಯದಲ್ಲೇ ನಾಲ್ಕು ಮಕ್ಕಳ ರಕ್ತದಲ್ಲಿ ಸೀಸ ಜಾಸ್ತಿ ಬಂತು. ಆರೋಗ್ಯ ಇಲಾಖೆಯವರು ಹುಡುಕುತ್ತಾ ಹೋದರೆ, ವಾನಾಬಾನಾ ಅನ್ನೋ ಸೇಬು-ದಾಲ್ಚಿನ್ನಿ ಪ್ಯೂರಿಯ ಪೌಚು ಸಿಕ್ಕಿತು. ಈಕ್ವೆಡಾರಿನಲ್ಲಿ ಪುಡಿ ಮಾಡಿದ ದಾಲ್ಚಿನ್ನಿಯಲ್ಲಿ ಸೀಸ 2,270ರಿಂದ 5,110 ಪಿಪಿಎಂ. ಮಂಜಣ್ಣ ಹೇಳಿದ 17.2ರ ಪಕ್ಕಕ್ಕೆ ಇಟ್ಟು ನೋಡಿ. ಜೊತೆಗೆ ಕ್ರೋಮಿಯಂ ಕೂಡ ಸಿಕ್ಕಿದ್ದರಿಂದ, ಸೀಸದ ಕ್ರೋಮೇಟ್ ಅನ್ನೋ ಹಳದಿ ಬಣ್ಣ ಬೆರೆಸಿರಬೇಕು ಅಂತ ಅಂದಾಜು. ದೇಶದಲ್ಲಿ ಐನೂರಕ್ಕೂ ಹೆಚ್ಚು ಪ್ರಕರಣ ಆಯಿತು, ಬಹಳಷ್ಟು ಪುಟ್ಟ ಮಕ್ಕಳೇ. ವಾಪಸ್ ಕರೆದಿದ್ದು ಅಕ್ಟೋಬರ್ ಕೊನೆಗೆ. ಡಿಸೆಂಬರಿನಲ್ಲೂ ಡಾಲರ್ ಟ್ರೀ ಅಂಗಡಿಗಳ ಕಪಾಟಲ್ಲಿ ಆ ಪೌಚು ಮಾರಾಟಕ್ಕೆ ಇತ್ತು. ಮರುವರ್ಷ ಇಲ್ಲಿ ಆಹಾರ, ಔಷಧಿ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ, ಡಾಲರ್ ಟ್ರೀಯವರಿಗೆ ಎಚ್ಚರಿಕೆ ಪತ್ರ ಕಳಿಸಿತು.

ಆಮೇಲೆ 2024ರ ಮಾರ್ಚಿನಲ್ಲಿ ಎಫ್‌ಡಿಎ ಅಂಗಡಿಗಳ ದಾಲ್ಚಿನ್ನಿ ಪುಡಿ ಪರೀಕ್ಷೆ ಮಾಡಿಸಿ ಆರು ಬ್ರಾಂಡಿನ ಪಟ್ಟಿ ಕೊಟ್ಟಿತು, 2.03ರಿಂದ 3.4 ಪಿಪಿಎಂ ಸೀಸ. ಅದರಲ್ಲಿ ನಮ್ಮವರೆಲ್ಲಾ ಹೋಗೋ ಪಟೇಲ್ ಬ್ರದರ್ಸ್‌ನಲ್ಲಿ ಸಿಗೋ ಸ್ವಾದ್ ಕೂಡ ಇತ್ತು. ಆ ವಾರ ಇಲ್ಲಿನ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಬಿಸಿಬೇಳೆಬಾತಿನ ಪುಡಿ ಬಗ್ಗೆ ಎದ್ದ ಗದ್ದಲ ಕೇಳಬೇಡಿ. ಊರಿಂದ ಅಮ್ಮ ಮಾಡಿ ಕಳಿಸಿದ ಪುಡಿಯೇ ಸೇಫ್ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟರು. ಅಮ್ಮ ಚಕ್ಕೆ ಎಲ್ಲಿ ತಂದಳು ಅಂತ ಯಾರೂ ಕೇಳಲಿಲ್ಲ.

ಗೋಡೌನ್ ಮಂಜಣ್ಣ, ದಾವಣಗೆರೆ

ಅದನ್ನೇ ರಾಗಿಮುದ್ದೆಯವರಿಗೆ ಹೇಳಬೇಕು ಅಂತಿದ್ದೆ. ಕೀಟನಾಶಕ ಹೊಲದಲ್ಲೇ ಕಾಯಿ ಮೇಲೆ ಕೂತಿರುತ್ತೆ ಸ್ವಾಮಿ. ಮಿಲ್ಲಿಗೆ ಹಾಕಿಸಿದರೆ ಕಾಯಿ ಜೊತೆ ಅದೂ ಪುಡಿ ಆಗುತ್ತೆ. ಬಣ್ಣ ಬೆರೆಸೋದು ತಪ್ಪುತ್ತೆ, ಅದು ಒಪ್ತೀನಿ, ನಮ್ಮ ಮನೆಯಲ್ಲೂ ಮಿಲ್ಲಿನದೇ. ಬಣ್ಣ ಸಣ್ಣ ವಿಷಯ ಅಲ್ಲ ಬಿಡಿ. 2005ರಲ್ಲಿ ಇಂಗ್ಲೆಂಡಿನಲ್ಲಿ ಸುಡಾನ್ ಅನ್ನೋ, ತಿನ್ನೋದಕ್ಕೆ ಹಾಕಬಾರದ ಬಣ್ಣ ಹಾಕಿದ ಮೆಣಸಿನ ಪುಡಿ ಒಂದು ಸಾಸಿಗೆ ಹೋಗಿ, ಆ ಸಾಸು ಬೇರೆ ತಿಂಡಿಗಳಿಗೆ ಹೋಗಿ, 400ಕ್ಕೂ ಮೇಲ್ಪಟ್ಟು ಪದಾರ್ಥ ವಾಪಸ್ ಆದವು. ಆದರೆ ನಿಮ್ಮ ಮಿಲ್ಲಿನ ಪುಡಿಯಲ್ಲಿ ಏನಾದರೂ ಇದ್ದರೆ ವಾಪಸ್ ಕರೆಯೋಕೆ ಬ್ಯಾಚೂ ಇಲ್ಲ, ಗೀಚೂ ಇಲ್ಲ. ನೀವೇ ಹೇಳಿದ್ದು.

ಹುಬ್ಬಳ್ಳಿ ಅಣ್ಣ, ಸ್ಕೀಮಿನ ಫೋನಿನ ಮಾತು ಓದಿ ನಗು ಬಂತು, ಆ ಫೋನು ಮಾಡಿಸ್ತಿದ್ದವರಲ್ಲಿ ನಾನೂ ಒಬ್ಬ. ಒಡೆದ ಪ್ಯಾಕೆಟ್ ಮಾತ್ರ ವಾದ ಮಾಡಿ ನೋಡಿ. ಎಕ್ಸ್‌ಪೈರಿ ಮಾಲಿಗೆ ಒಡೆದಿದ್ದು ತಗೊಳ್ಳಲ್ಲ, ನಿಜ. ಗಿರಾಕಿ ವಾಪಸ್ ತರಲಿ ಅಂತ ಕಂಪನಿಯೇ ಪ್ರಕಟಣೆ ಕೊಟ್ಟ ಮೇಲೆ, ಒಡೆದಿದೆ ಅಂತ ನಿರಾಕರಿಸೋಕೆ ನ್ಯಾಯ ಇಲ್ಲ. ಆ ಪ್ರಕಟಣೆ ಕತ್ತರಿಸಿ ಪ್ಯಾಕೆಟ್ಟಿಗೇ ಪಿನ್ ಮಾಡಿ ಸ್ಟಾಕಿಸ್ಟಿಗೆ ಕಳಿಸಿ.

ಸುಮಾ, ತುಮಕೂರು

ಮಂಜಣ್ಣ, ಟಾರ್ಚ್ ಹಿಡಿದು ನೋಡಿದೆ. ನಮ್ಮ ಯಜಮಾನರ ಓದೋ ಕನ್ನಡಕವನ್ನೂ ಭೂತಗನ್ನಡಿ ಹಾಗೆ ಹಿಡಿದೆ. ತಾರೀಖಿನಲ್ಲಿ 8 ಇತ್ತು, ಅದರ ಎಡಗಡೆ ಎರಡು ಸಾಲು ಚುಕ್ಕಿ ಚೆನ್ನಾಗಿ ಕಾಣುತ್ತೆ. ನನ್ನ ಅಂಕಿಗೆ ಎಡಗಡೆ ಏನೂ ಇಲ್ಲ. 3. ತಯಾರಾದ ದಿನವೂ ಪ್ರಕಟಣೆಯದಕ್ಕೆ ತಾಳೆ ಆಗಲ್ಲ. ಅಲ್ಲಿಗೆ ನಮ್ಮದು ಅಲ್ಲ.

ಸಾಯಂಕಾಲ ಹಾಲು ತರೋಕೆ ಹೋದಾಗ ಅಂಗಡಿಯವರಿಗೆ ಹೇಳೋಣ ಅಂತ ಹೋದೆ. ಮೊಳೆಗೆ ನೇತು ಹಾಕಿದ್ದ ಪ್ಯಾಕೆಟ್‌ಗಳನ್ನ ಸುಮ್ಮನೆ ತಿರುಗಿಸಿ ನೋಡಿದರೆ, ಹಿಂದಿನ ಎರಡು ಪಕ್ಕಾ 8! ಅಂಗಡಿಯವರ ಮುಖ ನೋಡಬೇಕಿತ್ತು. ತಕ್ಷಣ ಕಿತ್ತು ಹಿಂದೆ ಇಟ್ಟರು, "ಒಲೆಗೆ ಹಾಕ್ತೀನಮ್ಮ" ಅಂದರು. ನಾಳೆ ಹಾಕ್ತಾರಂತೆ. ಮಾಡಬಹುದಾ?

ಗೋಡೌನ್ ಮಂಜಣ್ಣ, ದಾವಣಗೆರೆ

ಬೇಡ ಬೇಡ, ಈಗಲೇ ಫೋನ್ ಮಾಡಿ ನಿಲ್ಲಿಸಿ! ಸುಟ್ಟರೆ ಕ್ಲೇಮು ಹೋಯಿತು, ಪಾಪ ಅವರ ದುಡ್ಡು. ಎರಡನ್ನೂ ಒಂದು ಕವರಿಗೆ ಹಾಕಿ, ಮೇಲೆ "ಮಾರಾಟಕ್ಕಿಲ್ಲ" ಅಂತ ಬರೆದು, ಬೇರೆ ಮಾಲಿನಿಂದ ದೂರ ಇಡೋಕೆ ಹೇಳಿ. ನೇತು ಹಾಕಿದ್ದ ಆ ಪ್ಯಾಕೆಟ್ ಸರದ ಬಿಲ್ ಹುಡುಕಿ ಸ್ಟಾಕಿಸ್ಟಿಗೆ ಬ್ಯಾಚ್ ನಂಬರಿನ ಫೋಟೋ ವಾಟ್ಸಾಪ್ ಮಾಡಲಿ. ಫೋಟೋ ಕಳಿಸಿದ ಮೇಲೆ ಇಲ್ಲ ಅನ್ನೋಕೆ ಅವರಿಗೂ ಆಗಲ್ಲ.

ಸ್ಟಾಕಿಸ್ಟ್ ಮಾತಾಡದಿದ್ದರೆ ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800112100, ಇಲ್ಲ ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲಿ ಫೋಟೋ ಹಾಕಿ ದೂರು. ತುಮಕೂರಿನಲ್ಲೇ ಆಹಾರ ಸುರಕ್ಷತೆಯ ಜಿಲ್ಲಾ ಅಂಕಿತ ಅಧಿಕಾರಿಯ ಕಚೇರಿ ಇರುತ್ತೆ, ನೇರ ಹೋದರೂ ಆಯಿತು. ದೂರು ಅಂಗಡಿಯವರ ಮೇಲೆ ಅಲ್ಲ ಅಂತ ಮೊದಲೇ ಬರೆಯಿರಿ, "ಈ ಬ್ಯಾಚು ಇನ್ನೂ ಪೇಟೆಯಲ್ಲಿದೆ" ಅಂತ. ಇಲ್ಲದಿದ್ದರೆ ಮೊದಲು ಬರೋ ನೋಟಿಸು ಅವರ ಬಾಗಿಲಿಗೇ.

ಹಳೇ ಹುಬ್ಬಳ್ಳಿ ಕಿರಾಣಿ

ನಾನೂ ಈಗ ಟಾರ್ಚ್ ಹಿಡಕೊಂಡ ಅಂಗಡ್ಯಾಗ ನಿಂತೀನ್ರಿ. ಸುಮಕ್ಕಾರ, ಆ ಪ್ರಕಟಣೆದ್ದೊಂದ ಫೋಟೋ ಇಲ್ಲೇ ಹಾಕ್ರಿ.